ಹುಣಸೆ ಮರದ ಕೆಳಗಿನ ಗಡಿಗೆ

ಆ ಮಠದಲ್ಲಿ ಬೇಸಿಗೆಯ ಕೆಲಸಗಳನ್ನು ಗೋಡೆಯ ಮೇಲೆ ಬರೆಯುವ ರೂಢಿ ಇತ್ತು.

ಯುಗಾದಿಯ ಮರುದಿನ ಶಿಷ್ಯರೆಲ್ಲ ಇದ್ದಿಲ ಚೂರು ಹಿಡಿದು ಪಡಸಾಲೆಯ ಸುಣ್ಣದ ಗೋಡೆಯ ಮುಂದೆ ನಿಲ್ಲುತ್ತಿದ್ದರು. ಬೇಸಿಗೆ ಮುಗಿಯುವುದರೊಳಗೆ ಏನೇನು ಮಾಡುತ್ತೇನೆಂದು ಪ್ರತಿಯೊಬ್ಬನೂ ತನ್ನ ಪಾಲಿನ ಜಾಗದಲ್ಲಿ ಬರೆಯಬೇಕು.

ಹೊಳೆಗೆ ಹೊಸ ನೀರು ಬರುವ ದಿನ ಅದನ್ನು ಗುರುಗಳ ಮುಂದೆ ಗಟ್ಟಿಯಾಗಿ ಓದಬೇಕು. ಆದ ಕೆಲಸದ ಮೇಲೆ ತಾನೇ ಸುಣ್ಣ ಬಳಿಯಬೇಕು. ಆಗದ್ದು ವರ್ಷವಿಡೀ ಹಾಗೆಯೇ ಉಳಿಯುತ್ತದೆ. ಪ್ರಸಾದಕ್ಕೆ ಬಂದವರೆಲ್ಲ ಅದನ್ನು ಓದಿಕೊಂಡೇ ಹೋಗುತ್ತಾರೆ.

ಮಠದ ಗುರು ನಿರುಪಾದಿ ಅಜ್ಜ ಯಾರನ್ನೂ ಬೈದವರಲ್ಲ. ಅಂಥ ಗೋಡೆ ಇರುವಾಗ ಬೈಯುವ ತೊಂದರೆ ಯಾಕೆ?

ಆ ವರ್ಷ ಮೇಲಿನ ಸೀಮೆಯಲ್ಲಿ ಮಳೆ ಬೇಗ ಹಿಡಿಯಿತು. ಎರಡು ದಿನದಿಂದ ಪಡುವಣ ದಿಕ್ಕು ಕಪ್ಪಗಿತ್ತು. ಅಂಬಿಗರ ಹುಲಗಪ್ಪ ಬೆಳಿಗ್ಗೆಯೇ ಬಂದು, ಇವತ್ತು ಸಂಜೆಯೊಳಗೆ ನೀರು ಮುಟ್ಟುತ್ತದೆ, ಇನ್ನು ದಸರೆಯವರೆಗೆ ಯಾರೂ ಆಚೆ ದಂಡೆಯ ಮಾತೆತ್ತಬೇಡಿ ಎಂದು ಹೇಳಿ ಹೋದ. ಹೊಳೆ ಕೆಂಪಗೆ ಹರಿಯುವ ತಿಂಗಳುಗಳಲ್ಲಿ ಅವನು ದೋಣಿ ಇಳಿಸುತ್ತಿರಲಿಲ್ಲ.

ಅಜ್ಜ ಎಲ್ಲರನ್ನೂ ಪಡಸಾಲೆಗೆ ಕರೆಸಿದರು.

ಮೊದಲು ವಿರುಪಣ್ಣ ಓದಿದ. ಹಗಲುನಿದ್ದೆ ಬಿಡುವುದು ಎಂಬ ಅವನ ಸಾಲು ಆರು ವರ್ಷದಿಂದ ಗೋಡೆ ಬಿಟ್ಟಿರಲಿಲ್ಲ. ಈ ಸಲವೂ ಬಿಡಲಿಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ.

ಅಡಿವೆಪ್ಪ ಮಾತ್ರ ನಗಲಿಲ್ಲ. ಮುಂದಿನ ಸರದಿ ಅವನದು.

ಅಡಿವೆಪ್ಪ ನಲವತ್ತರ ಆಳು. ಕೆಲಸಕ್ಕೆ ನಿಂತರೆ ಮೈಮುರಿದು ದುಡಿಯುವವನು. ಹನ್ನೊಂದು ಬರೆದಿದ್ದ, ಹತ್ತು ಮುಗಿಸಿದ್ದ. ಅಷ್ಟು ಮುಗಿಸಿದವರು ಆ ಮಠದಲ್ಲಿ ಹಿಂದೆ ಯಾರೂ ಇರಲಿಲ್ಲ.

ಅವನು ಮೇಲಿನ ಸಾಲು ಬಿಟ್ಟು ಎರಡನೆಯದರಿಂದ ಓದತೊಡಗಿದ.

ಬಾವಿಯ ಹೂಳು ತೆಗೆದಾಗಿತ್ತು. ಕೊಟ್ಟಿಗೆಗೆ ಹೊಸ ಹುಲ್ಲು ಹೊದಿಸಿದ್ದಾಗಿತ್ತು. ಗೆದ್ದಲು ತಿಂದ ಪುರಾಣವನ್ನು ಕೊನೆಯ ಹಾಳೆಯವರೆಗೆ ನಕಲು ಮಾಡಿದ್ದ. ಬೇವಿನ ಮರದ ಸುತ್ತ ಕಟ್ಟೆ ಕಟ್ಟಿದ್ದ, ಅದಕ್ಕೆ ಬೇಕಾದ ಕೆಂಪು ಮಣ್ಣನ್ನು ಆಚೆ ದಂಡೆಯಿಂದ ತಲೆಯ ಮೇಲೆ ಹೊತ್ತು ತಂದಿದ್ದ. ಹೀಗೆ ಓದುತ್ತ ಒಂದೊಂದರ ಮೇಲೂ ಸುಣ್ಣದ ಕುಂಚವನ್ನು ಎರಡೆರಡು ಸಲ ಎಳೆದ.

ಹತ್ತೂ ಮುಗಿದ ಮೇಲೆ ಮೇಲಿನ ಸಾಲೊಂದೇ ಉಳಿಯಿತು. ಸುತ್ತಲೂ ಬಿಳಿಯಾದ್ದರಿಂದ ಅದು ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

“ಅದನ್ನೂ ಓದಪಾ,” ಎಂದರು ಅಜ್ಜ.

“ಅಕ್ಕನ ಮನೆಗೆ ಹೋಗುವುದು.”

“ಎಷ್ಟನೇ ಬ್ಯಾಸಗಿ ಇದು?”

“ನಾಕನೇದ್ರಿ ಅಜ್ಜಾರ.”

ಅಕ್ಕನ ಹೆಸರು ಕಾಶವ್ವ. ತಾಯಿ ತೀರಿಕೊಂಡಾಗ ಅಡಿವೆಪ್ಪನಿಗೆ ಎರಡು ವರ್ಷ. ಇಪ್ಪತ್ತು ವರ್ಷ ದೊಡ್ಡವಳಾದ ಅಕ್ಕನೇ ಅವನನ್ನು ತನ್ನ ಗಂಡನ ಮನೆಯಲ್ಲಿಟ್ಟುಕೊಂಡು ಸಾಕಿದಳು. ಅವನು ಮಠ ಸೇರುತ್ತೇನೆಂದಾಗ ಅಡ್ಡ ಬರಲಿಲ್ಲ. ಹೊಳೆ ಬತ್ತಿದಾಗಲೆಲ್ಲ ಮರಳು ದಾಟಿ ಬಂದು, ರೊಟ್ಟಿ ಶೇಂಗಾ ಚಟ್ನಿ ಕೊಟ್ಟು, ಅರ್ಧ ದಿನ ಮಾತಾಡಿ ಹೋಗುತ್ತಿದ್ದಳು.

ಆರು ವರ್ಷದ ಹಿಂದೆ ಅವಳು ಬಂದಾಗ ಅಡಿವೆಪ್ಪ ಮೌನವ್ರತದಲ್ಲಿದ್ದ. ಬೇಸಿಗೆ ಪೂರ್ತಿ ಯಾರೊಡನೆಯೂ ಮಾತಾಡುವುದಿಲ್ಲ ಎಂದು ಗೋಡೆಯ ಮೇಲೆ ಬರೆದಿದ್ದ.

ಅಕ್ಕ ಎದುರಿಗೆ ಕೂತಳು. ಗಂಡ ತೀರಿಕೊಂಡದ್ದನ್ನು ಹೇಳಿದಳು. ಹೇಗೆ ತೀರಿಕೊಂಡನೆಂದು ಹೇಳಿದಳು. ಅಡಿವೆಪ್ಪನ ಬಾಯಿಗೆ ಬಂದ ಮಾತು ಬಾಯಲ್ಲೇ ನಿಂತಿತು. ಸಂಜೆಯವರೆಗೆ ಕಾದು ಅವಳು ಬುತ್ತಿಯ ಗಂಟನ್ನು ಅವನ ಮುಂದಿಟ್ಟು ಎದ್ದು ಹೋದಳು.

ಆ ವರ್ಷ ಹೊಸ ನೀರು ಬಂದಾಗ ಅವನು ಮೌನದ ಸಾಲಿನ ಮೇಲೆ ಹೆಮ್ಮೆಯಿಂದ ಸುಣ್ಣ ಬಳಿದ.

ಮುಂದಿನ ಬೇಸಿಗೆ ಅಕ್ಕ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ತಾನು ಮಾಡಿದ್ದೇನೆಂದು ಅಡಿವೆಪ್ಪನಿಗೆ ಆಗ ನಿಧಾನವಾಗಿ ತಿಳಿಯಿತು. ಪ್ರತಿ ಯುಗಾದಿಗೂ ಅವನು ಅದೇ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆಯುತ್ತ ಬಂದ.

ಈ ಯುಗಾದಿಯಲ್ಲಿ ಹುಲಗಪ್ಪ ಒಂದು ಸುದ್ದಿ ತಂದಿದ್ದ. ಕಾಶವ್ವನಿಗೆ ಮೊಣಕಾಲು ಹಿಡಿದಿವೆ, ಕೋಲಿಲ್ಲದೆ ಅಂಗಳ ದಾಟುವುದಿಲ್ಲ, ಈ ಮಳೆಗಾಲ ಕಳೆದರೆ ಹೆಚ್ಚು ಎಂದಿದ್ದ. ಅಂದು ಅಡಿವೆಪ್ಪ ಆ ಸಾಲನ್ನು ಇದ್ದಿಲು ಒತ್ತಿ ಬರೆದಿದ್ದ.

“ಯಾಕ ಆಗ್ಲಿಲ್ಲ?” ಎಂದರು ಅಜ್ಜ.

“ಕೆಲಸ ಬಾಳ ಇದ್ದೂರಿ.”

ಅಜ್ಜ ತಲೆಯಾಡಿಸಿದರು. ಆಮೇಲೆ ಬೇವಿನ ಮರದ ಕಡೆ ನೋಡಿ ಬೇರೆ ಮಾತು ತೆಗೆದರು.

“ಆ ಕಟ್ಟೀಗೆ ಎಷ್ಟು ಬುಟ್ಟಿ ಮಣ್ಣು ಬೇಕಾತು?”

ಅಡಿವೆಪ್ಪನಿಗೆ ಉಸಿರು ಬಂದಂತಾಯಿತು. ಎಣಿಕೆ ಅವನಿಗೆ ಇಷ್ಟ. “ನೂರಾ ಇಪ್ಪತ್ರಿ. ದಿನಕ್ಕ ಎರಡು ಬುಟ್ಟಿ, ಎರಡು ತಿಂಗಳ ಹೊತ್ತೀನಿ.” ಪ್ರತಿ ಹೆಜ್ಜೆಗೂ ಶಿವನಾಮ ಅಂದಿದ್ದನ್ನು, ದಾರಿಯಲ್ಲಿ ತಲೆಯೆತ್ತಿ ಯಾರನ್ನೂ ಮಾತಾಡಿಸದೆ ಇದ್ದದ್ದನ್ನು ಕೂಡ ಹೇಳಿದ.

“ಮಣ್ಣು ತಗಿಯೂ ಕುಣಿ ಎಲ್ಲಿ ಐತಿ?”

“ಆಚಿ ದಂಡಿ ಮ್ಯಾಲ್ರಿ.”

“ನಿಮ್ಮಕ್ಕನ ಮನಿ?”

ಆಚೆ ದಂಡೆ ಹತ್ತಿದರೆ ಮೊದಲ ಮನೆ ಅದೇ. ಕುಣಿಯಿಂದ ಕೂಗಿದರೆ ಆ ಮನೆಯ ಒಳಗೆ ಕೇಳುತ್ತದೆ. ಮೈಯೆಲ್ಲ ಮಣ್ಣಾಗಿದೆ, ಹೀಗೆ ಹೇಗೆ ಹೋಗಲಿ ಎಂದು ಅಡಿವೆಪ್ಪ ಒಂದು ದಿನ ಅಂದುಕೊಂಡಿದ್ದ. ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಇನ್ನೊಂದು ದಿನ. ಕಟ್ಟೆ ಮುಗಿಯಲಿ, ಆಮೇಲೆ ನಿಶ್ಚಿಂತೆಯಿಂದ ಹೋಗುತ್ತೇನೆ ಎಂದು ಉಳಿದ ದಿನವೆಲ್ಲ. ಇದನ್ನು ಅವನು ತಡೆದು ತಡೆದು ಹೇಳಿದ.

ಅಜ್ಜ ಮತ್ತೆ ಕೇಳಿದರು.

“ಅಷ್ಟು ಬಿಸಲಾಗ ನೀರಿಗೆ ಏನ್ ಮಾಡ್ತಿದ್ದಿ?”

“ಕುಣಿ ಬಾಜೂಕ ಒಂದು ಹುಣಸಿ ಗಿಡ ಐತ್ರಿ. ಅದರ ಬುಡಕ ಯಾರೋ ಗಡಿಗಿ ಇಟ್ಟಿದ್ರು.”

“ಯಾರು?”

“ಗೊತ್ತಿಲ್ರಿ. ಪುಣ್ಯಾತ್ಮರು ಯಾರೋ ಅರವಟಿಗಿ ಇಟ್ಟಿರಬೇಕು.”

“ಒಂದು ದಿನನಾರ ಬರಿದಾಗಿತ್ತೇನು?”

“ಇಲ್ರಿ. ಯಾವಾಗ ಹೋದ್ರೂ ತುಂಬಿರತಿತ್ತು. ತಂಪಗ ಇರಲಿ ಅಂತ ಅದರ ಬಾಯಿಗೆ ಒಂದು ಕೌದಿ ತುಂಡು ತೋಯಿಸಿ ಹಾಕಿರತಿದ್ರು.”

“ಎಂಥಾ ಕೌದಿ?”

ಅಡಿವೆಪ್ಪ ಹೇಳಲು ಬಾಯಿ ತೆರೆದ. ಕೆಂಪು ಅರಿವೆ, ಅದರ ಮೇಲೆ ಹಳದಿ ತುಂಡುಗಳು, ಒಂದು ಮೂಲೆಗೆ ಮಾತ್ರ ಹಸಿರು ತುಂಡು. ಅಷ್ಟು ಹೇಳುವುದರೊಳಗೆ ಅವನ ದನಿ ನಿಂತಿತು.

ಕಾಶವ್ವ ಹೊಲಿದ ಪ್ರತಿ ಕೌದಿಗೂ ಒಂದು ಮೂಲೆಯಲ್ಲಿ ಹಸಿರು ತುಂಡು ಇರುತ್ತಿತ್ತು. ಸಣ್ಣವನಿದ್ದಾಗ ಆ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವನು ಮಲಗುತ್ತಿದ್ದ. ಅದೇ ಬಟ್ಟೆಯನ್ನು ಈ ಬೇಸಿಗೆಯಲ್ಲಿ ನೂರಿಪ್ಪತ್ತು ಸಲ ಎತ್ತಿ ಪಕ್ಕಕ್ಕಿಟ್ಟು ನೀರು ಕುಡಿದಿದ್ದ. ಅವನ ಮನಸ್ಸೆಲ್ಲ ಬುಟ್ಟಿಯ ಎಣಿಕೆಯಲ್ಲಿತ್ತು.

“ಬಾವಿ ಎಷ್ಟು ದೂರ ಐತಿ?” ಅಜ್ಜ ಮೆಲ್ಲಗೆ ಕೇಳಿದರು.

“ಎರಡು ಹೊಲ ದಾಟಬೇಕ್ರಿ.”

“ಕೋಲು ಹಿಡದಾಕಿ, ಕೊಡ ಹೊರೂದು ಆಗೂದಿಲ್ಲ. ಒಂದು ಕೈಯಾಗ ಕೋಲು, ಒಂದು ಕೈಯಾಗ ತಂಬಿಗಿ. ಒಂದು ಗಡಿಗಿಗೆ ಎಷ್ಟು ತಂಬಿಗಿ ಬೇಕು, ಅಡಿವೆಪ್ಪಾ?”

ಅಡಿವೆಪ್ಪ ಎಣಿಸತೊಡಗಿದ. ಗಡಿಗೆಗೆ ಹದಿನೈದು ತಂಬಿಗೆಯಾದರೂ ಬೇಕು. ಪ್ರತಿ ತಂಬಿಗೆಗೂ ಹೋಗುವಾಗ ಎರಡು ಹೊಲ, ಬರುವಾಗ ಎರಡು ಹೊಲ. ಅರವತ್ತು ದಿನ. ಎಣಿಕೆ ಎಲ್ಲೋ ನಡುವೆ ನಿಂತುಬಿಟ್ಟಿತು.

ವಿರುಪಣ್ಣ ಕಣ್ಣು ಅಗಲಿಸಿಕೊಂಡು ಕೂತಿದ್ದ. ಅಡಿವೆಪ್ಪ ತಾನು ಬಳಿದ ಹತ್ತು ಸುಣ್ಣದ ಪಟ್ಟಿಗಳನ್ನು ನೋಡಿದ. ಸ್ವಲ್ಪ ಹೊತ್ತಿನ ಹಿಂದೆ ಅವು ಬೆಟ್ಟದಷ್ಟು ಕಂಡಿದ್ದವು.

“ಇದು ಯಾವ ಗ್ವಾಡಿ ಮ್ಯಾಲೂ ಬರದಿದ್ದಿಲ್ಲ,” ಎಂದರು ಅಜ್ಜ. ಅವರ ದನಿಯೂ ಸಣ್ಣದಾಗಿತ್ತು. ಅವರಿಗೆ ಇದೆಲ್ಲ ಮೊದಲೇ ಗೊತ್ತಿತ್ತೋ ಈಗಲೇ ಗೊತ್ತಾಯಿತೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಅಷ್ಟರಲ್ಲಿ ದಂಡೆಯಿಂದ ಹುಲಗಪ್ಪನ ಕೂಗು ಕೇಳಿತು. ತಿರುವಿನಲ್ಲಿ ನೀರು ಕಾಣಿಸಿತ್ತು.

ಅಡಿವೆಪ್ಪ ಎದ್ದ. ಕೈಯಲ್ಲಿ ಸುಣ್ಣದ ಕುಂಚವಿದೆ ಎಂಬುದೂ ಅವನಿಗೆ ನೆನಪಿರಲಿಲ್ಲ. ಮೆಟ್ಟಿಲಿಳಿದು ಮರಳಿಗೆ ಓಡಿದ. ಹೋಗು ಎಂದು ಯಾರೂ ಹೇಳಬೇಕಾಗಲಿಲ್ಲ.

ಆ ಹೊಳೆ ದೊಡ್ಡದೇನಲ್ಲ. ಈ ದಂಡೆಯಲ್ಲಿ ಕೂಗಿದರೆ ಆ ದಂಡೆಗೆ ಕೇಳುತ್ತದೆ. ನಾಲ್ಕು ವರ್ಷ ಅಕ್ಕನಿಗೋಸ್ಕರ ಅವನಿಗೆ ದಾಟಲಾಗದೆ ಉಳಿದದ್ದು ಅಷ್ಟೇ ಅಗಲ.

ನಟ್ಟನಡುವೆ ಬಂದಾಗ ನೀರು ಎದುರಾಯಿತು. ಅದಕ್ಕೆ ಸದ್ದೇ ಇರಲಿಲ್ಲ. ಮುಂದೆ ಮುಂದೆ ಬೆಳ್ಳಕ್ಕಿಗಳು ಹುಳ ಹೆಕ್ಕುತ್ತ ನಡೆದು ಬರುತ್ತಿದ್ದವು. ಅವುಗಳ ಹಿಂದೆ ಬೆರಳಗಲದ ಕೆಂಪು ನೀರು, ಒಣ ಎಲೆ, ನೊರೆ, ಇರುವೆಗಳನ್ನು ಹೊತ್ತುಕೊಂಡು ತಗ್ಗು ಹುಡುಕುತ್ತ ಬರುತ್ತಿತ್ತು. ಕಾದ ಮರಳು ಅದನ್ನು ಹೀರಿತು. ಹೀರಿದಷ್ಟೂ ಹಿಂದಿನಿಂದ ಮತ್ತೆ ಬಂತು.

ಅಡಿವೆಪ್ಪನ ಕಾಲು ತಾವಾಗಿ ನಿಂತವು. ಎಷ್ಟೋ ದೂರದ ಊರುಗಳಲ್ಲಿ ಬಿದ್ದ ಮಳೆ ಅವನ ಹೆಬ್ಬೆರಳನ್ನು ಮುಟ್ಟುತ್ತಿತ್ತು. ದಂಡೆಯ ಮೇಲೆ ಅಜ್ಜ ಕೈಮುಗಿದು ನಿಂತಿದ್ದರು, ಶಿಷ್ಯರೂ ನಿಂತಿದ್ದರು. ನೀರು ಹಿಮ್ಮಡಿಗೆ ಏರಿದಾಗ ಅವನಿಗೆ ಎಚ್ಚರವಾಯಿತು. ಮತ್ತೆ ಓಡಿದ.

ಹುಣಸೆ ಮರದ ಕೆಳಗೆ ಕೋಲು ಒರಗಿತ್ತು. ಮಣ್ಣಿನ ಕೆಲಸ ಮುಗಿದದ್ದು ತಿಳಿಯದ ಕಾಶವ್ವ ಬಗ್ಗಿ ನಿಂತು ತಂಬಿಗೆಯ ನೀರನ್ನು ಗಡಿಗೆಗೆ ಸುರಿಯುತ್ತಿದ್ದಳು. ಅಡಿವೆಪ್ಪ ಬಂದದ್ದನ್ನು ಕಂಡು ಕೌದಿಯ ತುಂಡನ್ನು ಗಡಿಗೆಗೆ ಹೊದಿಸಿ, ಕೋಲು ತೆಗೆದುಕೊಂಡು ಮನೆಯ ಕಡೆ ತಿರುಗಿದಳು. ದಿನಾ ಹೀಗೆಯೇ ತಿರುಗಿ ಹೋಗುತ್ತಿದ್ದಳು ಎಂದು ಅವನಿಗೆ ಆಗ ಹೊಳೆಯಿತು.

“ಅಕ್ಕಾ.”

ಕಾಶವ್ವ ನಿಂತಳು. ಒಂದು ಗಳಿಗೆ ಬಿಟ್ಟು ಹಿಂದಿರುಗಿ ನೋಡಿದಳು.

“ಮಾತಾಡತಿಯೇನಪಾ? ಮುಗೀತೇನು ನಿನ್ನ ವ್ರತ?”

ಅವಳು ಅವನ ವ್ರತ ಇನ್ನೂ ನಡೆದಿದೆ ಎಂದೇ ತಿಳಿದಿದ್ದಳು. ದಿನವೂ ತಲೆ ತಗ್ಗಿಸಿಕೊಂಡು ಬರುತ್ತಾನೆ, ತುಟಿ ಮಾತ್ರ ಅಲುಗುತ್ತವೆ, ಯಾರನ್ನೂ ನೋಡುವುದಿಲ್ಲ. ತನ್ನಿಂದ ಅದು ಕೆಡಬಾರದೆಂದು, ನೀರಿಟ್ಟು ಅವನು ಬರುವ ಮೊದಲೇ ಒಳಗೆ ಹೋಗಿಬಿಡುತ್ತಿದ್ದಳು.

ಅಡಿವೆಪ್ಪ ಅವಳ ಕಾಲು ಹಿಡಿದು ಅತ್ತ. ಭಾವನ ಸಾವಿಗೆ ಅಂದು ಅಳದೆ ಉಳಿದದ್ದೂ ಅದರಲ್ಲಿ ಸೇರಿತ್ತು. ಕುಂಚದ ಸುಣ್ಣ ಅವಳ ಸೀರೆಗೆ ಹತ್ತಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಅಳುವುದನ್ನು ಆಮೇಲೆ ಮಾಡುವಿಯಂತೆ, ಓಡಿ ಬಂದೀ, ಮೊದಲು ನೀರು ಕುಡಿ ಎಂದಳು.

ಅವನು ಬೊಗಸೆ ಒಡ್ಡಿದ. ಅವಳು ತಂಬಿಗೆ ತಂಬಿಗೆಯಾಗಿ ಸುರಿದಳು. ಅವನು ಕುಡಿದ, ಮುಖ ತೊಳೆದ, ಮತ್ತೆ ಕುಡಿದ. ಗಡಿಗೆ ಬರಿದಾಯಿತು. ಇನ್ನು ಮಳೆ ಬಂತಲ್ಲ ಎಂದು ಕಾಶವ್ವ ಅದನ್ನು ಎತ್ತಿ ಬೋರಲು ಹಾಕಿದಳು.

ಹೊಳೆ ಆಗಲೇ ದಂಡೆಯಿಂದ ದಂಡೆಗೆ ಕೂಡಿತ್ತು. ಈಗ ಅದಕ್ಕೆ ಸದ್ದು ಬಂದಿತ್ತು. ಆಚೆ ಅಜ್ಜ ಇನ್ನೂ ನಿಂತೇ ಇದ್ದರು.

ಅಡಿವೆಪ್ಪ ದಂಡೆಯ ತುದಿಗೆ ಬಂದು ಕೈಮುಗಿದ. ದಸರೆಯವರೆಗೆ ಇಲ್ಲಿಯೇ ಇರುತ್ತೇನೆಂದು ಕೂಗಿ ಹೇಳಿದ.

“ಅಜ್ಜಾರ, ಆ ಮ್ಯಾಲಿನ ಸಾಲಿನ ಮ್ಯಾಲ ನೀವ ಸುಣ್ಣಾ ಬಳದುಬಿಡ್ರಿ.”

ಅಜ್ಜ ಸ್ವಲ್ಪ ಹೊತ್ತು ಅವನನ್ನೂ, ಅವನ ಹಿಂದೆ ಕೋಲು ಹಿಡಿದು ನಿಂತವಳನ್ನೂ, ಬೋರಲು ಬಿದ್ದ ಗಡಿಗೆಯನ್ನೂ ನೋಡಿದರು. ಆಮೇಲೆ ಅವರ ದನಿ ನೀರಿನ ಮೇಲೆ ಹಾದು ಬಂತು.

“ಸುಣ್ಣ ಇರಲಿ. ಮೊದಲ ಆ ಗಡಿಗಿ ತುಂಬಪಾ.”