ಖಾಲಿ ವಿಳಾಸಗಳ ಮೇಲಿನ ಟವೆಲ್

ಒಂದು ಆಸ್ಪತ್ರೆಗೆ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಹೊಸ ನೆಟ್‌ವರ್ಕ್ ಸ್ವಿಚ್ ಬಂತು. ಅದನ್ನು ಹೊಂದಿಸುವ ಕೆಲಸ ತಿಪ್ಪೇಶನದು. ಕರಿಬಸಯ್ಯ ಎಂಬ ಹಿರಿಯ ಎಂಜಿನಿಯರ್ ಬಳಿ ಕಲಿತವನು. ಕೈ ಚುರುಕು. ದೊಡ್ಡವರನ್ನು ಕಂಡರೆ ಬಾಗುವ ಸೊಂಟ ಇನ್ನೂ ಚುರುಕು.

ಮಕ್ಕಳೇ, ಮನೆಗೆ ನಂಬರ್ ಇರುವಂತೆ ಕಂಪ್ಯೂಟರಿಗೂ ಒಂದು ವಿಳಾಸ ಬೇಕು. ಇಲ್ಲದಿದ್ದರೆ ಅದು ಪಕ್ಕದ ಕೋಣೆಗೂ ಸುದ್ದಿ ಕಳಿಸಲಾರದು. ಆನ್ ಆದ ಕೂಡಲೇ ಅದು ಸ್ವಿಚ್ಚನ್ನು ಕೇಳುತ್ತದೆ. ಸ್ವಿಚ್ಚು ತನ್ನ ಸಂಗ್ರಹದಿಂದ ಒಂದು ವಿಳಾಸವನ್ನು ಕೆಲಕಾಲಕ್ಕೆ ಎರವಲು ಕೊಡುತ್ತದೆ. ಈ ಏರ್ಪಾಡಿಗೆ ಡಿಎಚ್‌ಸಿಪಿ ಎನ್ನುತ್ತಾರೆ, ಸಂಗ್ರಹಕ್ಕೆ ಪೂಲ್ ಎನ್ನುತ್ತಾರೆ. ಪ್ರಿಂಟರಿನಂಥ ಕೆಲವಕ್ಕೆ ಮಾತ್ರ ಖಾಯಂ ವಿಳಾಸ ಎತ್ತಿಡಬೇಕು, ಉಳಿದದ್ದು ಕೇಳಿದವರಿಗೆ. ಕರಿಬಸಯ್ಯ ಕಲಿಸಿದ್ದು ಇಷ್ಟೇ.

ತಿಪ್ಪೇಶ ಇದಕ್ಕೆ ತನ್ನದೊಂದು ಒಗ್ಗರಣೆ ಹಾಕಿದ. ಆಡಳಿತ ಮಂಡಳಿಯವರ ಲ್ಯಾಪ್‌ಟಾಪ್ ಒಂದು ಕ್ಷಣವೂ ಕಾಯಬಾರದೆಂದು ಅರ್ಧ ಪೂಲನ್ನೇ ಅವರಿಗಾಗಿ ಎತ್ತಿಟ್ಟ. ಯಾರೂ ಕೇಳಿರಲಿಲ್ಲ. ಮಂಡಳಿಯವರು ಬರುತ್ತಿದ್ದುದೇ ಅಪರೂಪ, ಅದೂ ಧ್ವಜ ಹಾರಿಸಲು.

ಒಂದು ಸೋಮವಾರ ಲ್ಯಾಬಿನ ಕಂಪ್ಯೂಟರಿಗೆ ವಿಳಾಸ ಸಿಗಲಿಲ್ಲ. ರಜೆಯ ದಿನ ಅದನ್ನು ಆಫ್ ಮಾಡಿದ್ದರಿಂದ ಅದರ ಎರವಲಿನ ಅವಧಿ ಮುಗಿದಿತ್ತು. ಅಷ್ಟರಲ್ಲಿ ರೋಗಿಗಳ ಕಡೆಯವರ ಫೋನುಗಳು ಇದ್ದಬದ್ದ ವಿಳಾಸವನ್ನೆಲ್ಲ ಹಿಡಿದಿದ್ದವು. ಲ್ಯಾಬಿನ ಜುಲೇಖಾ ತಿಪ್ಪೇಶನನ್ನು ಕರೆದಳು. ಅವನು ಸ್ವಿಚ್ಚಿನ ಕಡೆ ತಿರುಗಿಯೂ ನೋಡದೆ, ಕಂಪ್ಯೂಟರ್ ಹಳೇದು, ನೀವೇ ಏನೋ ಒತ್ತಿ ಕೆಡಿಸಿರಬೇಕು ಎಂದುಬಿಟ್ಟ. ಜುಲೇಖಾ ನಂಬಿದಳು. ವರದಿಗಳನ್ನು ಕೈಯಲ್ಲೇ ಬರೆದು ಮಹಡಿಯ ವಾರ್ಡಿಗೆ ಹತ್ತಿ ಇಳಿದಳು. ಹೆರಿಗೆಗೆ ಬಂದವಳೊಬ್ಬಳ ರಕ್ತದ ವರದಿ ತಡವಾಯಿತು.

ಅನುಮಾನ ಬಂದು ತಿಪ್ಪೇಶ ಕೊನೆಗೆ ಸ್ವಿಚ್ಚನ್ನು ನೋಡಿದ. ಪೂಲ್ ಬರಿದಾಗಿತ್ತು. ಎತ್ತಿಟ್ಟ ಅರ್ಧ ಮಾತ್ರ ಮುಟ್ಟಿದವರಿಲ್ಲದೆ ಬಿದ್ದಿತ್ತು. ಅವನ ಮುಖ ಬಿಸಿಯಾಯಿತು. ಸದ್ದಿಲ್ಲದೆ ಅದನ್ನೆಲ್ಲ ಪೂಲಿಗೆ ಬಿಟ್ಟ. ಲ್ಯಾಬಿನ ಕಂಪ್ಯೂಟರ್ ಸರಿಹೋಯಿತು.

ಹೊರಗೆ ಬಂದರೆ ಡಾಕ್ಟರು ಎಲ್ಲರೆದುರು ಜುಲೇಖಾಳನ್ನು ಬೈಯುತ್ತಿದ್ದರು. ತಾಯಿ ಮಗು ಉಳಿದದ್ದು ಪುಣ್ಯ, ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಿಸುತ್ತೇನೆ ಎಂದರು. ಅವಳು ಅಳುತ್ತಾ ತಲೆಯಾಡಿಸಿದಳು. ತಿಪ್ಪೇಶ ಕಂಬದ ಪಕ್ಕ ನಿಂತು ಎಲ್ಲ ಕೇಳಿಸಿಕೊಂಡ. ಬಾಯಿ ಬಿಡಲಿಲ್ಲ.

ಆಮೇಲೆ ಜುಲೇಖಾ ತಾನೇ ಟೀ ತಂದುಕೊಟ್ಟಳು. "ನನ್ ತಪ್ಪಿಗೆ ನಿಮಗೆ ತೊಂದ್ರೆ ಆತು ಸಾರ್. ನೀವ್ ರಿಪೇರಿ ಮಾಡಿದ್ದಕ್ಕೆ ನನ್ ಕೆಲ್ಸ ಉಳೀತು," ಎಂದಳು. ನಾಚಿಕೆಗೇಡು ಅಂದರೆ ಇದು. ಆದರೂ ತಿಪ್ಪೇಶ ಆ ಟೀ ಕುಡಿದ.

ಸಂಜೆ ಗುರುವಿನ ಮನೆಗೆ ಹೋಗಿ ಎಲ್ಲ ಹೇಳಿಕೊಂಡ. ಕೊನೆಗೂ ಬಿಟ್ಟುಕೊಟ್ಟೆನಲ್ಲ ಎಂದು ಸಮಾಧಾನದ ಮಾತಿಗೆ ಕಾದ.

ಕರಿಬಸಯ್ಯ ಅವನ ಮುಖ ನೋಡಲಿಲ್ಲ. "ನೀನು ದೊಡ್ಡೋರಿಗಂತ ಬಸ್ನಾಗೆ ಟವೆಲ್ ಹಾಕಿ ಸೀಟ್ ಹಿಡಿದಿದ್ದೆ. ಆಯಮ್ಮ ನಿಂತ್ಕಂಡೇ ಬಂದ್ಲು. ಆಮ್ಯಾಲೆ ಟವೆಲ್ ತೆಗೆದು ಕೂರಮ್ಮ ಅಂದೆ. ಅದಕ್ಕೆ ಆಯಮ್ಮನ ಕೈಯಾಗೆ ಟೀ ಬ್ಯಾರೆ ಕುಡಿದು ಬಂದೀಯ?"

ಮರುದಿನ ತಿಪ್ಪೇಶ ಡಾಕ್ಟರ ಮುಂದೆ ಜುಲೇಖಾ ಇರುವಾಗಲೇ ನಿಂತ. ತಪ್ಪು ಅವರದಲ್ಲ, ನನ್ನದು ಎಂದು ತಡವರಿಸುತ್ತಾ ಎಲ್ಲವನ್ನೂ ಒಪ್ಪಿಕೊಂಡ. ಡಾಕ್ಟರು ಜುಲೇಖಾಳ ಕ್ಷಮೆ ಕೇಳಿದರು. ಅವಳು ತಿಪ್ಪೇಶನನ್ನು ಬೈಯಲಿಲ್ಲ.

"ನಿನ್ನೆ ನಾನು ಅಳೋವಾಗ ನೀವು ಅಲ್ಲೇ ನಿಂತಿದ್ರಲ್ಲ ಸಾರ್," ಎಂದಳು.

ತಿಪ್ಪೇಶ ತಲೆ ತಗ್ಗಿಸಿದ.

ನೀತಿ: ಎಲ್ಲರಿಗೆ ಸಲ್ಲಬೇಕಾದ್ದನ್ನು ದೊಡ್ಡವರಿಗೆಂದು ಎತ್ತಿಡಬೇಡಿ. ಎತ್ತಿಟ್ಟದ್ದನ್ನು ಗುಟ್ಟಾಗಿ ಹಿಂದಿರುಗಿಸಿದರೆ ಅರ್ಧ ತಪ್ಪಷ್ಟೇ ತೀರುತ್ತದೆ. ನಮ್ಮಿಂದಾಗಿ ಒಬ್ಬರು ಬೈಸಿಕೊಳ್ಳುವಾಗ ಆಗಲೇ ಬಾಯಿ ಬಿಡಬೇಕು. ಮರುದಿನದ ಸತ್ಯ ಹೆಸರನ್ನು ಉಳಿಸೀತು, ಹಿಂದಿನ ದಿನದ ಕಣ್ಣೀರನ್ನು ಒರೆಸದು.