ಬಾಗಿಲು ತೆರೆದವನ ಹೆಸರು

ಹೊಳೆದಂಡೆಯ ಮಠದಲ್ಲಿ ಓಬಳಜ್ಜ ತನ್ನ ಶಿಷ್ಯ ಜಂಪಣ್ಣನಿಗೆ ಮುಳ್ಳುಗಡದ ಹಾಡು ಕಲಿಸುತ್ತಿದ್ದ.

ಅದು ಹಳೆಯ ಹಾಡು. ಶತ್ರುಗಳು ಮುಳ್ಳುಗಡದ ಕೋಟೆಯನ್ನು ಮುತ್ತಿದ್ದು, ಒಳಗಿದ್ದವರು ಹಸಿದುಕೊಂಡೇ ಕಾದಾಡಿದ್ದು, ಕೊನೆಗೆ ಒಳಗಿನವನೇ ಒಬ್ಬ ಬಾಗಿಲು ತೆರೆದದ್ದು, ಕೋಟೆ ಬಿದ್ದದ್ದು, ಎಲ್ಲವೂ ಅದರಲ್ಲಿತ್ತು.

ಬಾಗಿಲು ತೆರೆದವನ ಹೆಸರು ಮಾತ್ರ ಇರಲಿಲ್ಲ. ಆ ಜಾಗ ಬಂದಾಗ ಅಜ್ಜ ಬಾಯಿ ಮುಚ್ಚಿ ಕೈಯಲ್ಲಿದ್ದ ದಮ್ಮಡಿ ವಾದ್ಯವನ್ನು ಒಂದು ಸಲ ಬಡಿಯುತ್ತಿದ್ದ. ಆಮೇಲೆ ಮುಂದಿನ ಸಾಲು.

"ಅಲ್ಲಿ ಯಾರ ಹೆಸರು ಬರಬೇಕು, ಅಜ್ಜಾ?" ಎಂದು ಜಂಪಣ್ಣ ಕೇಳಿದ.

"ನನ್ನ ಗುರುಗಳು ಅಲ್ಲಿ ದಮ್ಮಡಿ ಬಡಿಯುತ್ತಿದ್ದರು. ನಾನೂ ಬಡಿಯುತ್ತೇನೆ."

"ನಿಮಗೆ ಗೊತ್ತಿದೆಯೋ, ಇಲ್ಲವೋ?"

ಅಜ್ಜ ದಮ್ಮಡಿಯ ಚರ್ಮವನ್ನು ಬಿಸಿಲಿಗೆ ಹಿಡಿದು ಕಾಯಿಸತೊಡಗಿದ.

ಜಂಪಣ್ಣನಿಗೆ ಅನುಮಾನ ಹತ್ತಿತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದಿತ್ತಲ್ಲ. ಅಜ್ಜ ಯಾರನ್ನೋ ಕಾಪಾಡುತ್ತಿದ್ದಾನೆ. ಅಂದಿನಿಂದ ಅಜ್ಜ ಯಾರ ಜೊತೆ ಮಾತಿಗೆ ಕೂತರೂ ಶಿಷ್ಯನ ಕಿವಿ ಅತ್ತಲೇ ಇರುತ್ತಿತ್ತು.

ಅಷ್ಟರಲ್ಲಿ ಅರಮನೆಯ ಅಧಿಕಾರಿಯೊಬ್ಬ ಊರಿಗೆ ಬಂದ. ಮುಳ್ಳುಗಡದ ಹಾಡನ್ನು ಇಡೀ ನಾಡಿನ ಹಾಡು ಮಾಡಬೇಕೆಂದು ಅಪ್ಪಣೆಯಾಗಿತ್ತು. ಇನ್ನು ಮುಂದೆ ಅದನ್ನು ಶಾಲೆಗಳಲ್ಲಿ ಮಕ್ಕಳು ಹಾಡಬೇಕು, ನಾಡಹಬ್ಬದಲ್ಲಿ ಸೈನಿಕರು ಹಾಡಬೇಕು.

ಅಜ್ಜನಿಗೆ ಜ್ವರ. ಜಂಪಣ್ಣನೇ ಸಂತೆಕಟ್ಟೆಯ ಮೇಲೆ ನಿಂತು ಹಾಡಿದ. ಆ ಜಾಗ ಬಂದಾಗ ದಮ್ಮಡಿ ಬಡಿದ.

"ಇಲ್ಲೇನೋ ಬಿಟ್ಟೆ," ಎಂದ ಅಧಿಕಾರಿ. "ದ್ರೋಹ ಮಾಡಿದವನು ಯಾರೆಂದು ನಾಡಿಗೆ ಗೊತ್ತಾಗಬೇಡವೇ? ಮಠದವರು ಯಾರನ್ನಾದರೂ ಮುಚ್ಚಿಡುತ್ತಿದ್ದೀರೋ?"

ಜನರೆಲ್ಲ ಜಂಪಣ್ಣನನ್ನೇ ನೋಡಿದರು. ಹೊಳೆಯಾಚೆ ಸುಣ್ಣ ಸುಡುವವರ ಹಟ್ಟಿಯೊಂದಿತ್ತು. ಅವರ ಬಗ್ಗೆ ಯಾರೋ ಏನೋ ಆಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು.

"ಸುಣ್ಣದಹಟ್ಟಿಯವನು," ಎಂದು ಹಾಡಿದ.

ಮಾತು ತಾಳಕ್ಕೆ ಸರಿಯಾಗಿ ಕೂತಿತು. ಜನ ತಲೆದೂಗಿದರು. ಅಧಿಕಾರಿ ಅವನ ಹೆಗಲಿಗೆ ಶಾಲು ಹೊದಿಸಿದ.

"ನಾಳೆ ಮಠಕ್ಕೆ ಬರುತ್ತೇನೆ. ಗುರುಗಳ ಬಾಯಲ್ಲೂ ಒಮ್ಮೆ ಕೇಳಿಬಿಟ್ಟರೆ ಮುಗಿಯಿತು."

ಮರುದಿನ ಬೆಳಿಗ್ಗೆ ಹಟ್ಟಿಯ ಸಂಕವ್ವ ಎಂದಿನಂತೆ ಸುಣ್ಣದ ಬುಟ್ಟಿ ಹೊತ್ತು ಊರೊಳಗೆ ಬಂದಳು. ಯಾರೂ ಕೊಳ್ಳಲಿಲ್ಲ. ಬಾಯಾರಿ ಬಾವಿಕಟ್ಟೆಗೆ ಹೋದರೆ, ಅಲ್ಲಿದ್ದವಳು ಹಗ್ಗವನ್ನು ತನ್ನತ್ತ ಎಳೆದುಕೊಂಡಳು.

"ನಿಮ್ಮವರೇ ಅಂತೆ, ಬಾಗಿಲು ತೆರೆದವರು."

"ಯಾವ ಬಾಗಿಲು, ತಾಯಿ?" ಎಂದು ಸಂಕವ್ವ ಕೇಳಿದಳು.

ನೀರಿಗೆ ಬಂದಿದ್ದ ಜಂಪಣ್ಣ ಖಾಲಿ ಕೊಡ ಹಿಡಿದು ಮಠಕ್ಕೆ ಹಿಂದಿರುಗಿದ. ಶಾಲನ್ನು ಅಜ್ಜನ ಕಾಲ ಬಳಿ ಇಟ್ಟು, ನಡೆದದ್ದನ್ನೆಲ್ಲ ಹೇಳಿದ.

ಅಜ್ಜ ಬೈಯಲಿಲ್ಲ. "ನನ್ನನ್ನು ಎಬ್ಬಿಸಿ ಕೂರಿಸು. ದಮ್ಮಡಿ ಕೊಡು," ಎಂದ.

ಅಧಿಕಾರಿ ಬಂದ. ಹಿಂದೆಯೇ ಊರಿನವರೂ ಬಂದು ಅಂಗಳದಲ್ಲಿ ಕೂತರು. ಅಜ್ಜ ಜ್ವರದ ದನಿಯಲ್ಲೇ ಹಾಡಿದ. ಕೋಟೆಯ ಬಾಗಿಲ ಸಾಲು ಬಂದಾಗ ಅವನು ದಮ್ಮಡಿ ಬಡಿಯಲಿಲ್ಲ.

"ಈ ಮಠದವನು," ಎಂದು ಹಾಡಿದ. "ನಮ್ಮ ಗುರುಗಳಿಗೆಲ್ಲ ಮೊದಲ ಗುರು."

ಮಠಕ್ಕೆ ಹಾಲು ತಂದಿದ್ದವನೊಬ್ಬ ತನ್ನ ತಂಬಿಗೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

"ನಿನ್ನೆ ಸುಣ್ಣದಹಟ್ಟಿ, ಇವತ್ತು ಮಠ," ಎಂದ ಅಧಿಕಾರಿ. "ನಿಮ್ಮನ್ನು ನಂಬುವುದು ಹೇಗೆ?"

"ನಂಬಬೇಡಿ," ಎಂದ ಅಜ್ಜ.

"ಇಂಥ ಹಾಡು ನಾಡಿಗೆ ಬೇಡ," ಎಂದು ಅಧಿಕಾರಿ ಕುದುರೆ ಹತ್ತಿದ. ಊರಿನವರು ತಿರುತಿರುಗಿ ಮಠವನ್ನು ನೋಡುತ್ತ ಹೊರಟರು.

ಅಂದು ಸಂಜೆ ಬಾವಿಕಟ್ಟೆಯಲ್ಲಿ ಸಂಕವ್ವನಿಗೆ ನೀರು ಸಿಕ್ಕಿತು. ಮಠಕ್ಕೆ ಹಾಲು ಬರಲಿಲ್ಲ.

ಜಂಪಣ್ಣ ಗಂಜಿ ಕಾಯಿಸಿ ಅಜ್ಜನ ಮುಂದಿಟ್ಟ.

"ಅಜ್ಜಾ, ನೀವು ಹಾಡಿದ್ದು ನಿಜವೇ?"

ಓಬಳಜ್ಜ ಗಂಜಿಯ ಬಟ್ಟಲನ್ನು ಕೈಗೆತ್ತಿಕೊಂಡ.

"ಸಂತೆಕಟ್ಟೆಯಲ್ಲಿ ನೀನು ಹಾಡಿದಾಗ ಇದು ನಿಜವೇ ಎಂದು ಯಾರೂ ಕೇಳಲಿಲ್ಲವಲ್ಲ, ಮಗಾ."