ಡಾಬು ಹತ್ತಿಸಿದ ಪಥ್ಯ

ಅತ್ತೆಯ ಬಂಗಾರದ ಡಾಬು ಕಿರಿಸೊಸೆ ಸರಸಿಜಳ ಸೊಂಟಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಹಿರಿಸೊಸೆ ಪದ್ಮಾವತಮ್ಮನಿಗೆ ಕೊಂಡಿಯೇ ಹತ್ತಲಿಲ್ಲ. ಹೊಟ್ಟೆಯುರಿ ತಡೆಯಲಾರದೆ ಆಕೆ ಅಡುಗೆಯವಳ ಮೇಲೆ ಹರಿಹಾಯ್ದಳು.

"ಅವಳು ತಿನ್ನೋದನ್ನೇ ನನಗೂ ಮಾಡಿಹಾಕು. ನಾದಿನಿ ಮದುವೆ ಹೊತ್ತಿಗೆ ಡಾಬು ನನ್ನ ಸೊಂಟದಲ್ಲಿರಬೇಕು. ಇಲ್ಲಾಂದ್ರೆ ನಿನಗಿಲ್ಲಿ ಕೆಲಸ ಇಲ್ಲ!"

"ಅವರ ಪಥ್ಯ ಅವರ ಮೈಗೆ ಅಮ್ಮಾ. ನಿಮಗೆ ಒಗ್ಗೋದೇ ಬೇರೆ. ಅದನ್ನ ನನಗೆ ಬಿಡಿ," ಅಂದಳು ಅಡುಗೆಯವಳು.

ಅಡುಗೆ ಮಾತ್ರ ಎಂದಿನದೇ. ಆದರೆ ಪದ್ಮಾವತಮ್ಮ ಇನ್ನೊಂದು ದೋಸೆ ಕೇಳಿದಾಗಲೆಲ್ಲ ಅಡುಗೆಯವಳು ದೋಸೆ ಹಾಕಿ, ಮೇಲೆ ಬೆಣ್ಣೆ ಇಟ್ಟು, ನಿಟ್ಟುಸಿರು ಬಿಡುವಳು.

"ಏನೇ ಹೇಳಿ, ಆ ಡಾಬು ಸರಸಿಜಮ್ಮನಿಗೇ ಚೆಂದ. ಅತ್ತೆಯವರೇ ಕೂರಿಸಿ ದೃಷ್ಟಿ ತೆಗೆದ್ರು."

ಪದ್ಮಾವತಮ್ಮ ತಟ್ಟೆ ನೂಕಿ ಎದ್ದುಬಿಡುವಳು.

ಮದುವೆಯ ದಿನ ಕೊಂಡಿ ಟಕ್ಕನೆ ಹತ್ತಿತು. ಡಾಬು ಹಿರಿಸೊಸೆಗೇ ಇರಲಿ ಎಂದರು ಅತ್ತೆ. ಸರಸಿಜಳ ಮುಖ ಕಪ್ಪಿಟ್ಟಿತು. ಮೆಲ್ಲಗೆ ಅಡುಗೆಮನೆಗೆ ಬಂದು ಕೇಳಿದಳು: "ಅಕ್ಕನಿಗೆ ಅದೇನು ಬಡಿಸ್ದೆ? ನಾನು ಇನ್ನೂ ಸಣ್ಣಗಾಗ್ಬೇಕು, ನನಗೂ ಅದೇ ಬೇಕು."

"ಅವರಿಗೆ ದಿನಾ ನಿಮ್ಮನ್ನೇ ಬಡಿಸ್ದೆ ಕಣಮ್ಮಾ," ಅಂದಳು ಅಡುಗೆಯವಳು. "ನಿಮಗೆ ಇವತ್ತಿಂದ ಅವರನ್ನ ಬಡಿಸ್ತೀನಿ, ಕೂತ್ಕೊಳ್ಳಿ."